ಆಟಗಾರರು ಬಾರದ ದಿನ ಅವರ ಪಾತ್ರವನ್ನು ಏನು ಮಾಡಬೇಕು?

ಗುಹೆದೀಪ:
ಐವರ ತಂಡಕ್ಕೆ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ (ದಾಳ ಉರುಳಿಸುತ್ತಾ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯನ್ನು ಆಡುವ ಆಟ) ಐದನೆಯ ಆವೃತ್ತಿಯ ಆಟ ನಡೆಸುತ್ತಿದ್ದೇನೆ. 2014ರ ನಿಯಮಗಳನ್ನೇ ಬಳಸುತ್ತೇವೆ. ಎಲ್ಲರೂ ಮೂರನೆಯ ಲೆವೆಲ್‌ನಲ್ಲಿದ್ದಾರೆ. ಕಳೆದ ನಾಲ್ಕು ಸೆಷನ್‌ಗಳಲ್ಲಿ ಒಮ್ಮೆಯೂ ಐವರೂ ಒಟ್ಟಿಗೆ ಕುಳಿತಿಲ್ಲ.

ಹಿಂದಿನ ಸಲ ಕ್ಲೆರಿಕ್ (ಗಾಯ ಗುಣಪಡಿಸುವ ಅರ್ಚಕ ಪಾತ್ರ) ಆಡುವ ಗೆಳತಿ ಬರಲಿಲ್ಲ. ಅದಕ್ಕೂ ಮೊದಲಿನ ಸೆಷನ್ನನ್ನು ಗುಹೆಯೊಳಗೆ, ಕಬ್ಬಿಣದ ಬಾಗಿಲನ್ನು ತಳ್ಳುವ ಗಳಿಗೆಯಲ್ಲಿ ನಿಲ್ಲಿಸಿದ್ದೆ. ಹಾಗಾಗಿ ಕ್ಲೆರಿಕ್ ಅಲ್ಲಿ ಇರಲೇಬೇಕಾಗಿತ್ತು, ಆ ಪಾತ್ರವನ್ನು ನಾನೇ ಆಡಿಸಿದೆ. ಬಾಗಿಲಿನಾಚೆ ರಾಕ್ಷಸರಂಥ ನಾಲ್ಕು ಓರ್ಕ್‌ಗಳಿದ್ದವು. ಕ್ಲೆರಿಕ್ ನೆಲಕ್ಕೆ ಬಿದ್ದಿತು, ಎರಡು ಡೆತ್ ಸೇವ್ (ಬಿದ್ದ ಪಾತ್ರ ಉಳಿಯುತ್ತದೆಯೇ ಎಂದು ನೋಡುವ ದಾಳ; ಮೂರು ತಪ್ಪಿದರೆ ಸಾವು) ತಪ್ಪಿದವು. ಮೂರನೆಯದಕ್ಕೆ ದಾಳ ಉರುಳಿಸಿದ್ದು ನಾನು. 4 ಬಿದ್ದು ಅದೂ ತಪ್ಪಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗೆಳತಿ “ಪರವಾಗಿಲ್ಲ” ಎಂದಳು, ಆದರೆ ಆಮೇಲೆ ಗುಂಪಿನಲ್ಲಿ ಒಂದು ಮಾತನ್ನೂ ಆಡಿಲ್ಲ.

ಒಬ್ಬರು ಬಾರದಿದ್ದರೂ ಆಟ ರದ್ದು ಮಾಡಬೇಕೇ? ಪಾತ್ರವನ್ನು ಯಾರು ಆಡಿಸಬೇಕು?

ಹಳೆಯ ದಾಳ:
ಉತ್ತರಕ್ಕೆ ಮುಂಚೆ ನಾಲ್ಕು ವಿಷಯ ತಿಳಿಯಬೇಕು. ಬರುವುದಿಲ್ಲ ಎಂಬುದು ನಿಮಗೆ ಯಾವಾಗ ಗೊತ್ತಾಗುತ್ತದೆ? ಒಂದು ಸೆಷನ್ ಎಷ್ಟು ಹೊತ್ತು ನಡೆಯುತ್ತದೆ? ಜನ ತಪ್ಪಿಸಿಕೊಳ್ಳಲು ಕಾರಣ ಕೆಲಸವೋ, ಆಸಕ್ತಿ ಕಡಿಮೆಯಾದದ್ದೋ? ಲೆವೆಲ್ ಏರಿಸುವ ಅನುಭವ ಅಂಕವನ್ನು ಹೇಗೆ ಹಂಚುತ್ತೀರಿ?

ಗುಹೆದೀಪ:
ಹೆಚ್ಚಾಗಿ ಅದೇ ದಿನ ತಿಳಿಯುತ್ತದೆ. ಆಟ ಮೂರು ಗಂಟೆ ನಡೆಯುತ್ತದೆ. ಕಾರಣ ಕೆಲಸ, ಅನಾರೋಗ್ಯ, ಮನೆಯ ಜವಾಬ್ದಾರಿ. ಆಸಕ್ತಿ ಎಲ್ಲರಿಗೂ ಇದೆ. ಬಂದವರಿಗೆ ಮಾತ್ರ ಅನುಭವ ಅಂಕ ಕೊಡುತ್ತೇನೆ. ಫೈಟರ್ (ಯೋಧನ ಪಾತ್ರ) 2700ರ ಸಮೀಪ ಬಂದು ನಾಲ್ಕನೆಯ ಲೆವೆಲ್‌ಗೆ ಏರಲು ಹತ್ತಿರವಿದ್ದಾನೆ, ಕ್ಲೆರಿಕ್ 1600ರಲ್ಲೇ ಉಳಿದಿತ್ತು.

ಹಳೆಯ ದಾಳ:
ಮೊದಲು ಗೆಳತಿಯ ವಿಷಯ. ಗುಂಪಿನಲ್ಲಿ ಬರೆಯಬೇಡಿ, ನೇರವಾಗಿ ಅವರ ಜೊತೆ ಮಾತನಾಡಿ. ಆ ಮೂರನೆಯ ದಾಳವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಕ್ಲೆರಿಕ್ ಪ್ರಜ್ಞೆ ತಪ್ಪಿ ಬಿದ್ದಿತ್ತು, ಸತ್ತಿಲ್ಲ ಎಂದು ಹೇಳಿ. ಮೂರನೆಯ ಲೆವೆಲ್‌ನ ತಂಡದಲ್ಲಿ ಸತ್ತವರನ್ನು ಬದುಕಿಸುವ ಮಂತ್ರ ಯಾರ ಬಳಿಯೂ ಇರುವುದಿಲ್ಲ, ಹಾಗಾಗಿ ಕಥೆಯೊಳಗಿಂದ ದಾರಿ ಹುಡುಕುತ್ತಾ ಕೂರಬೇಡಿ. ತಿಂಗಳುಗಟ್ಟಲೆ ಪ್ರೀತಿಯಿಂದ ಬೆಳೆಸಿದ ಪಾತ್ರದ ಸಾವನ್ನು ಕಣ್ಣಾರೆ ನೋಡುವ ಹಕ್ಕು ಆ ಆಟಗಾರ್ತಿಗಿದೆ. ನನ್ನ ಮೇಜಿನಲ್ಲಿ ಇದು ಮುರಿಯದ ನಿಯಮ: ಒಡೆಯರು ಬಾರದ ದಿನ ಪಾತ್ರ ಸಾಯುವುದಿಲ್ಲ, ಅದರ ಬಳಿಯ ವಸ್ತುಗಳನ್ನೂ ಯಾರೂ ಬಳಸಿ ಮುಗಿಸುವುದಿಲ್ಲ.

ಇನ್ನು ಮೂಲ ತೊಂದರೆ. ನೀವು ಹಾಜರಾತಿಯ ಬಗ್ಗೆ ಕೇಳಿದ್ದೀರಿ. ನನಗೆ ಕಾಣುವ ತಪ್ಪು ನೀವು ಆಟ ನಿಲ್ಲಿಸಿದ ಜಾಗ. ಬಾಗಿಲು ತಳ್ಳುವ ಗಳಿಗೆಯಲ್ಲಿ ನಿಲ್ಲಿಸಿದರೆ ಕುತೂಹಲ ಉಳಿಯುತ್ತದೆ ನಿಜ, ಆದರೆ ಐದೂ ಪಾತ್ರಗಳು ಅಲ್ಲೇ ಸಿಕ್ಕಿಬೀಳುತ್ತವೆ. ಬೆನ್ ರಾಬಿನ್ಸ್ ಎಂಬವರು ವೆಸ್ಟ್ ಮಾರ್ಚಸ್ ಎಂಬ ಆಟದ ವಿಧಾನವನ್ನು 2007ರಲ್ಲಿ ವಿವರಿಸಿದ್ದರು. ಅವರ ಬಳಗದಲ್ಲಿ 10ರಿಂದ 14 ಆಟಗಾರರಿದ್ದರು, ನಿಗದಿತ ದಿನವೂ ಇರಲಿಲ್ಲ, ನಿಗದಿತ ತಂಡವೂ ಇರಲಿಲ್ಲ. ಆದರೂ ಅದು ನಡೆಯಿತು, ಏಕೆಂದರೆ ಪ್ರತಿ ಸೆಷನ್ನಿನ ಕೊನೆಗೆ ಎಲ್ಲರೂ ಊರಿಗೆ ಮರಳುತ್ತಿದ್ದರು. ಮುಂದಿನ ಸಲ ಯಾರು ಬಂದರೆ ಅವರು ಹೊರಡುತ್ತಿದ್ದರು. ನೀವು ಆ ವಿಧಾನವನ್ನು ಇಡಿಯಾಗಿ ತೆಗೆದುಕೊಳ್ಳಬೇಕಾಗಿಲ್ಲ, ಊರಿಗೆ ಮರಳುವುದನ್ನು ಮಾತ್ರ ತೆಗೆದುಕೊಳ್ಳಿ. ಮೂರು ಗಂಟೆಯಲ್ಲಿ ಕೊನೆಯ ಅರ್ಧ ಗಂಟೆಯನ್ನು ವಾಪಸು ಬರುವುದಕ್ಕೆಂದೇ ಮೀಸಲಿಡಿ. ಆ ಹೊತ್ತಿನಲ್ಲಿ ಹೊಸ ಕೋಣೆ ತೆರೆಯಬೇಡಿ.

ಗುಹೆಯೊಳಗೇ ನಿಲ್ಲಿಸಬೇಕಾಗಿ ಬಂದರೆ, ಬಾರದವರ ಪಾತ್ರ ಹಿಂದೆ ನಿಂತು ದಾರಿ ಕಾಯುತ್ತಿದೆ ಎನ್ನಿ, ಸಾಕು. ಪ್ರತಿ ಸಲವೂ ಜ್ವರ, ಅಪಹರಣ, ಮಾಯೆಯ ಕನ್ನಡಿ ಎಂದು ಕಾರಣ ಕಟ್ಟಲು ಹೋಗಬೇಡಿ. ನಾನು ಒಂದು ವರ್ಷ ಹಾಗೆ ಮಾಡಿದ್ದೇನೆ. ಆಟದ ಮೊದಲ ಇಪ್ಪತ್ತು ನಿಮಿಷ ಬಾರದವರ ಕಥೆಗೇ ಹೋಗುತ್ತಿತ್ತು, ಬಂದವರು ಸುಮ್ಮನೆ ಕುಳಿತಿರುತ್ತಿದ್ದರು.

ಕಾದಾಟದ ಲೆಕ್ಕವನ್ನೂ ನೋಡಿ. ಓರ್ಕ್ ಒಂದಕ್ಕೆ 100 ಅನುಭವ ಅಂಕ. ನಾಲ್ಕಕ್ಕೆ 400, ಗುಂಪಾಗಿರುವುದರಿಂದ ಅದರ ಎರಡರಷ್ಟು, ಅಂದರೆ 800. ಮೂರನೆಯ ಲೆವೆಲ್‌ನ ಐವರಿಗೆ 750ರಿಂದ ಮಧ್ಯಮ, 1125ರಿಂದ ಕಠಿಣ. ಹಾಗಾಗಿ ಐವರಿಗೆ ಇದು ಮಧ್ಯಮ ಕಾದಾಟ. ಮೂವರಿಗೆ 450ರಿಂದ ಮಧ್ಯಮ, 675ರಿಂದ ಕಠಿಣ. ಅದೇ ನಾಲ್ಕು ಓರ್ಕ್‌ಗಳು ಅವರಿಗೆ ಕಠಿಣವಾಗುತ್ತವೆ. ಒಂದನ್ನು ತೆಗೆದರೆ 600, ಮತ್ತೆ ಮಧ್ಯಮ. ಹಿಟ್ ಪಾಯಿಂಟ್ (ಎಷ್ಟು ಏಟು ತಾಳಬಲ್ಲವು ಎಂಬ ಲೆಕ್ಕ) ಕಡಿಮೆ ಮಾಡುವುದಕ್ಕಿಂತ ಎದುರಾಳಿಗಳ ಸಂಖ್ಯೆ ಇಳಿಸುವುದು ಒಳ್ಳೆಯದು, ಏಕೆಂದರೆ ಪ್ರತಿ ಸುತ್ತಿನಲ್ಲೂ ಬೀಳುವ ಏಟುಗಳೇ ಕಡಿಮೆಯಾಗುತ್ತವೆ. ಕ್ಲೆರಿಕ್ ಇಲ್ಲದ ದಿನ ದಾರಿಯಲ್ಲಿ ಗಾಯ ಮಾಯಿಸುವ ಎರಡು ಹೀಲಿಂಗ್ ಪೋಷನ್ ಸಿಗುವಂತೆ ಮಾಡಿ.

ಅನುಭವ ಅಂಕವನ್ನು ಎಲ್ಲರಿಗೂ ಸಮವಾಗಿ ಕೊಡಿ. ಮಗುವಿಗೆ ಹುಷಾರಿಲ್ಲದೆ ಮನೆಯಲ್ಲಿ ಉಳಿದವರಿಗೆ ಆಟ ತಪ್ಪಿದ್ದೇ ದೊಡ್ಡ ನಷ್ಟ. ಅದರ ಮೇಲೆ ಅಂಕವನ್ನೂ ಕಿತ್ತುಕೊಂಡರೆ ಅವರು ಮರಳಿ ಬಂದಾಗ ತಂಡದ ಹಿಂದೆ ಓಡಬೇಕಾಗುತ್ತದೆ.

ರದ್ದು ಮಾಡುವ ಪ್ರಶ್ನೆಗೆ: ಐವರಲ್ಲಿ ಮೂವರು ಬಂದರೆ ಆಟ ನಡೆಯುತ್ತದೆ ಎಂದು ಈಗಲೇ ಎಲ್ಲರ ಒಪ್ಪಿಗೆ ಪಡೆಯಿರಿ. ಇಬ್ಬರೇ ಬಂದರೆ ಒಂದೇ ಸಲಕ್ಕೆ ಮುಗಿಯುವ ಬೇರೆ ಆಟ ಆಡಿ.

ಮೂರನೇ ಬಾಗಿಲು:
ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಪಾತ್ರವನ್ನು ಹಿಂದೆ ನಿಲ್ಲಿಸುವ ಬದಲು ಬೇರೊಬ್ಬ ಆಟಗಾರರ ಕೈಗೆ ಕೊಡಬಹುದು. ನಮ್ಮಲ್ಲಿ ಪ್ರತಿಯೊಬ್ಬರೂ ಪಾತ್ರದ ಹಾಳೆಯ ಹಿಂಬದಿಯಲ್ಲಿ ಮೂರು ಸಾಲು ಬರೆದಿಟ್ಟಿದ್ದೇವೆ: ಕಾದಾಟದಲ್ಲಿ ಮೊದಲು ಏನು ಮಾಡುತ್ತಾಳೆ, ಯಾರನ್ನು ಮೊದಲು ಉಳಿಸುತ್ತಾಳೆ, ಏನನ್ನು ಎಂದಿಗೂ ಮಾಡುವುದಿಲ್ಲ. ನಡೆಸುವವರೇ ಆಡಿಸಿದರೆ ಗಮನ ಎರಡು ಕಡೆ ಹರಿದುಹೋಗುತ್ತದೆ, ನಿಮಗೆ ಆದದ್ದೂ ಅದೇ ಇರಬೇಕು.

ಹಳೆಯ ದಾಳ:
ಒಡೆಯರು ಮೊದಲೇ ಒಪ್ಪಿದ್ದರೆ ನನ್ನ ತಕರಾರಿಲ್ಲ. ಮೂರನೆಯ ಸಾಲು ಬಹಳ ಮುಖ್ಯ.

ಗುಹೆದೀಪ:
ಮೂರು ಸೆಷನ್‌ಗಳ ನಂತರ ಬರೆಯುತ್ತಿದ್ದೇನೆ. ಗೆಳತಿಯ ಜೊತೆ ಮಾತನಾಡಿದೆ. ಪಾತ್ರ ಹೋದದ್ದಕ್ಕಿಂತ, ಅದು ಹೇಗೆ ಹೋಯಿತು ಎಂದು ಬೇರೆಯವರ ಬಾಯಿಂದ ಕೇಳಬೇಕಾಗಿ ಬಂದದ್ದು ಅವಳಿಗೆ ನೋವಾಗಿತ್ತಂತೆ. ಈಗ ಕ್ಲೆರಿಕ್ ಬದುಕಿದೆ, ಅವಳು ಎರಡು ಸಲ ಬಂದಿದ್ದಾಳೆ. ಅಂಕಗಳನ್ನು ಸಮ ಮಾಡಿದಾಗ ಫೈಟರ್ ಆಡುವವನೇ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟ.

ಒಂದು ತೊಡಕು ಉಳಿದಿದೆ. ನಿನ್ನೆ ರೋಗ್ (ಕಳ್ಳಚಳಕದ ಪಾತ್ರ) ಆಡುವವನು ಬರಲಿಲ್ಲ. ಕಥೆ ಮುಂದೆ ಹೋಗಬೇಕಾದರೆ ಬೀಗ ಹಾಕಿದ ಪೆಟ್ಟಿಗೆ ತೆರೆಯಲೇಬೇಕಿತ್ತು, ಬೀಗ ತೆಗೆಯುವವರು ಬೇರೆ ಯಾರೂ ಇರಲಿಲ್ಲ. ಒಂದು ಗಂಟೆ ಹಾಗೆಯೇ ಕಳೆಯಿತು.

ಹಳೆಯ ದಾಳ:
ಮಾತನಾಡಿದ್ದು ಒಳ್ಳೆಯದಾಯಿತು, ಓದಿ ನೆಮ್ಮದಿಯಾಯಿತು.

ಪೆಟ್ಟಿಗೆಗೆ ಮೂರು ದಾರಿ ಇಡಿ: ಬೀಗ ತೆಗೆಯುವುದು, ಒಡೆಯುವುದು, ಕೀಲಿ ಇರುವವನನ್ನು ಹುಡುಕುವುದು. ಒಡೆದರೆ ಸದ್ದಿಗೆ ಕಾವಲುಗಾರರು ಬರುತ್ತಾರೆ, ಕೀಲಿ ಹುಡುಕಿದರೆ ಹೊತ್ತು ಹೋಗುತ್ತದೆ. ರೋಗ್ ಇದ್ದ ದಿನ ಕೆಲಸ ಸದ್ದಿಲ್ಲದೆ ಆಗುತ್ತದೆ, ಇಲ್ಲದ ದಿನ ಬೆಲೆ ತೆತ್ತು ಆಗುತ್ತದೆ. ಕಥೆ ಮುಂದುವರಿಯಲು ಬೇಕೇ ಬೇಕಾದ ಸುಳಿವನ್ನು ಒಬ್ಬರೇ ತೆರೆಯಬಲ್ಲ ಬೀಗದ ಹಿಂದೆ ಇಡಬೇಡಿ; ಅಲ್ಲಿ ಚಿನ್ನ ಇಡಿ, ಸುಳಿವನ್ನು ಹೊರಗಿಡಿ. ಮುಂದಿನ ಸೆಷನ್ನಿಗೆ ಆ ಪೆಟ್ಟಿಗೆ ಇನ್ನೂ ಅಲ್ಲೇ ಇದ್ದರೆ, ಫೈಟರ್ ಕೈಗೆ ಒಂದು ಹಾರೆ ಸಿಗಲಿ.