ಅಮ್ಮನ ಜೊತೆ ಮೊದಲ ಸಲ ಟೋಕಿಯೋ: ಹೋಗಿಬಂದವರು ಹೇಳಿ

ನವೆಂಬರ್ ಕೊನೆಯಲ್ಲಿ ಒಂದು ವಾರ ಟೋಕಿಯೋಗೆ ಹೋಗೋಣ ಅಂತಿದ್ದೇವೆ. ನಾನು, ನನ್ನ ಹೆಂಡತಿ, ಜೊತೆಗೆ ಅಮ್ಮ. ಅಮ್ಮನಿಗೆ ಅರವತ್ತೆಂಟು, ಮಂಡಿ ನೋವಿದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಟ್ರಾವೆಲ್ಸ್‌ನವರು ಕ್ಯೋಟೋ, ಒಸಾಕಾನೂ ಸೇರಿಸಿಕೊಂಡು ರೈಲ್ ಪಾಸ್ ಮಾಡಿಸಿ ಅನ್ನುತ್ತಿದ್ದಾರೆ. ಎಲ್ಲಿ ಉಳಿಯುವುದು, ಊಟಕ್ಕೇನು ಮಾಡುವುದು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಟೋಕಿಯೋದಿಂದ:

ನಾನು ಇಲ್ಲೇ ಕೆಲಸದಲ್ಲಿದ್ದೇನೆ. ಅಪ್ಪ-ಅಮ್ಮ ಬಂದಾಗ ಸುತ್ತಾಡಿಸಿದ ಅನುಭವದ ಮೇಲೆ ಹೇಳುತ್ತೇನೆ: ಒಂದು ವಾರಕ್ಕೆ ಟೋಕಿಯೋ ಒಂದೇ ಸಾಕು. ಮಂಡಿ ನೋವಿರುವವರನ್ನು ಪೆಟ್ಟಿಗೆ ಸಮೇತ ಮೂರು ಊರು ಅಲೆಸಬೇಡಿ. ಪಾಸಿನ ಲೆಕ್ಕವೂ ಈಗ ಮೊದಲಿನಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಕ್ಯೋಟೋಗೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಹೋಗಿಬರಲು ಬಿಡಿ ಟಿಕೆಟ್ ತೆಗೆದರೂ ಹತ್ತಿರ ಹತ್ತಿರ 28,000 ಯೆನ್ ಅಷ್ಟೇ. ಊರೊಳಗೆ ಓಡಾಡಲು ದುಡ್ಡು ತುಂಬಿಸಿ ಬಳಸುವ ಸುಯಿಕಾ ಇಲ್ಲವೇ ಪಾಸ್ಮೋ ಕಾರ್ಡ್, ಒಬ್ಬೊಬ್ಬರಿಗೆ ಒಂದೊಂದು ಇದ್ದರಾಯಿತು.

ಉಳಿಯುವುದಕ್ಕೆ ಎಲ್ಲರೂ ಶಿಂಜುಕು ಅನ್ನುತ್ತಾರೆ. ಅಮ್ಮ ಜೊತೆಗಿರುವಾಗ ನಾನು ಅದನ್ನು ಹೇಳುವುದಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ಸ್ಟೇಷನ್ ಅದು. ತಪ್ಪು ಬಾಗಿಲಿನಿಂದ ಹೊರಬಿದ್ದರೆ ಹೋಟೆಲ್ ಮುಟ್ಟಲು ಇನ್ನೂ ಕಾಲು ಗಂಟೆ ನಡೆಯಬೇಕಾದೀತು. ಉಏನೋದಲ್ಲಿ ಇಳಿದುಕೊಳ್ಳಿ. ಬೆಂಗಳೂರಿನಿಂದ ಬರುವ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ನರಿತಾದಲ್ಲಿ ಇಳಿಯುತ್ತದೆ. ಅಲ್ಲಿಂದ ಸ್ಕೈಲೈನರ್ ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಉಏನೋ, ನಡುವೆ ರೈಲು ಬದಲಿಸುವ ಗೋಜಿಲ್ಲ. ಹೋಟೆಲ್ ಬುಕ್ ಮಾಡುವ ಮೊದಲು ಅದು ಸ್ಟೇಷನ್‌ಗೆ ಎಷ್ಟು ಹತ್ತಿರ ಅಂತಷ್ಟೇ ನೋಡಿದರೆ ಸಾಲದು, ಲಿಫ್ಟ್ ಇರುವ ಬಾಗಿಲಿಗೆ ಎಷ್ಟು ಹತ್ತಿರ ಅಂತ ನೋಡಿ. ಇಲ್ಲಿ ಎಲ್ಲ ಬಾಗಿಲಲ್ಲೂ ಲಿಫ್ಟ್ ಇರುವುದಿಲ್ಲ. ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ಒಂದು ಉದ್ದನೆಯ ಪಟ್ಟಿ ಅಂಟಿಸಿರುತ್ತಾರೆ. ಮುಂದಿನ ಸ್ಟೇಷನ್‌ಗಳಲ್ಲಿ ಎಷ್ಟನೇ ಬೋಗಿಯ ಎದುರಿಗೆ ಲಿಫ್ಟ್, ಎಷ್ಟನೆಯದರ ಎದುರಿಗೆ ಮೆಟ್ಟಿಲು ಅಂತ ಅದರಲ್ಲಿ ಗುರುತು ಹಾಕಿರುತ್ತದೆ. ಅದನ್ನು ನೋಡಿಕೊಂಡು ಬೋಗಿ ಹತ್ತಿದರೆ ದಿನಕ್ಕೆ ಎಷ್ಟೋ ನಡಿಗೆ ಉಳಿಯುತ್ತದೆ. ನಮ್ಮ ಅಮ್ಮನಿಗೆ ಇದರಿಂದ ಆದಷ್ಟು ಅನುಕೂಲ ಬೇರೆ ಯಾವುದರಿಂದಲೂ ಆಗಲಿಲ್ಲ.

ನೋಡುವ ಜಾಗಗಳನ್ನು ದಿಕ್ಕಿನ ಲೆಕ್ಕದಲ್ಲಿ ಹಂಚಿಕೊಳ್ಳಿ. ಅಸಾಕುಸಾದ ಸೆನ್ಸೋಜಿ ದೇವಸ್ಥಾನ, ಸ್ಕೈಟ್ರೀ ಗೋಪುರ ಪೂರ್ವಕ್ಕೆ; ಅವೆರಡು ಒಂದು ದಿನ. ಮೇಜಿ ದೇಗುಲ, ಹರಾಜುಕು, ಶಿಬುಯಾ ಪಶ್ಚಿಮಕ್ಕೆ. ಅದು ಇನ್ನೊಂದು ದಿನ. ಬೆಳಗ್ಗೆ ಪೂರ್ವ, ಮಧ್ಯಾಹ್ನ ಪಶ್ಚಿಮ ಅಂತ ಹೊರಟರೆ ಅರ್ಧ ದಿನ ಸುರಂಗದಲ್ಲೇ ಕಳೆದುಹೋಗುತ್ತದೆ. ಮೇಜಿ ದೇಗುಲದ ದಾರಿ ಬಹುಪಾಲು ಜಲ್ಲಿಕಲ್ಲು, ದೂರವೂ ಇದೆ. ಅಮ್ಮನಿಗೆ ಗಟ್ಟಿ ಅಡಿಯ ಶೂ ಹಾಕಿಸಿ. ನವೆಂಬರ್ ಕೊನೆಗೆ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಬೆಳಗ್ಗೆ ಎಂಟರಿಂದ ಒಂಬತ್ತೂವರೆವರೆಗೆ ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹತ್ತಕ್ಕೆ ಹೊರಟು ಕತ್ತಲಾಗುವ ಹೊತ್ತಿಗೆ ವಾಪಸ್ಸಾಗುವ ಹಾಗೆ ಇಟ್ಟುಕೊಳ್ಳಿ.

ಮೈಸೂರಿನಿಂದ:

ಊಟದ ವಿಷಯ ನಾನು ಹೇಳುತ್ತೇನೆ, ನಮ್ಮದೂ ಶುದ್ಧ ಸಸ್ಯಾಹಾರಿ ಮನೆ. ಮೀನು, ಮಾಂಸ ಬೇಡ ಅಂದರೆ ಸಾಲುವುದಿಲ್ಲ, ದಾಶಿ ಕೂಡ ಬೇಡ ಅನ್ನಬೇಕು. ಒಣಗಿಸಿದ ಮೀನನ್ನು ಹೆರೆದು ಕುದಿಸಿ ತೆಗೆಯುವ ಸಾರ ಅದು. ಮಿಸೋ ಸೂಪ್, ಸೋಬಾ ನೂಡಲ್ಸಿನ ಸಾರು, ತೆಂಪುರಾ ಜೊತೆ ಕೊಡುವ ಗೊಜ್ಜು, ಎಲ್ಲದರಲ್ಲೂ ಸಾಮಾನ್ಯವಾಗಿ ಇರುತ್ತದೆ. ತಟ್ಟೆಯಲ್ಲಿ ಬರೀ ತರಕಾರಿ ಕಾಣುವುದರಿಂದ ಬಡಿಸುವವರು ಪ್ರಾಮಾಣಿಕವಾಗಿಯೇ ವೆಜಿಟೇರಿಯನ್ ಅಂದುಬಿಡುತ್ತಾರೆ. ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವಾಗ ಹಿಂಭಾಗವನ್ನು ಫೋನಿನ ಅನುವಾದದ ಆ್ಯಪ್‌ಗೆ ಹಿಡಿದು ಓದಿ.

ಟೋಕಿಯೋ ಸ್ಟೇಷನ್ನಿನ ಟಿಕೆಟ್ ಗೇಟಿನೊಳಗೆ ಟೀಸ್ ತಾನ್‌ತಾನ್ ಅಂತ ಹೋಟೆಲಿದೆ, ಹಾಲು-ಮೊಟ್ಟೆಯೂ ಇಲ್ಲದ ಪೂರ್ತಿ ವೀಗನ್ ರಾಮೆನ್ ನೂಡಲ್ಸ್. ಎಳ್ಳಿನ ಘಮದ ಬಿಸಿ ಸಾರು ಚಳಿಗೆ ಬಹಳ ಹಿತ. ಅನ್ನ-ಸಾರು ಬೇಕೇ ಬೇಕು ಅನಿಸಿದ ದಿನ ತೋಝಾಯ್ ಲೈನ್ ಹಿಡಿದು ನಿಶಿ-ಕಸಾಯ್‌ಗೆ ಹೋಗಿ. ಭಾರತದ ಸಾಫ್ಟ್‌ವೇರ್ ಕುಟುಂಬಗಳು ನೆಲೆಸಿರುವ ಕಡೆ ಅದು, ಇಡ್ಲಿ-ದೋಸೆಯೂ ಸಿಗುತ್ತದೆ. ಬೆಳಗಿನ ತಿಂಡಿಗೆ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ಒಯ್ಯಿರಿ. ಹೋಟೆಲ್ ರೂಮಿನಲ್ಲಿ ಸಾಮಾನ್ಯವಾಗಿ ಕೆಟಲ್ ಇರುತ್ತದೆ. ಮನೆಯ ರೈಸ್ ಕುಕ್ಕರ್ ಬೇಡ. ಅಲ್ಲಿ ಕರೆಂಟು 100 ವೋಲ್ಟ್, ನಮ್ಮ 230 ವೋಲ್ಟಿನ ಕುಕ್ಕರ್ ಸರಿಯಾಗಿ ಕಾಯುವುದೇ ಇಲ್ಲ. ಚಟ್ನಿಪುಡಿ ಇರಲಿ. ಹಸಿ ಕರಿಬೇವು, ಹಣ್ಣು ಒಯ್ಯುವ ಯೋಚನೆ ಮಾತ್ರ ಬಿಡಿ, ತಪಾಸಣೆ ಬಿಗಿಯಾಗಿದೆ.

ಹುಬ್ಬಳ್ಳಿಯಿಂದ:

ಕಾಗದಪತ್ರದ ಬಗ್ಗೆ ಎರಡು ಮಾತು ಹೇಳ್ತೀನ್ರಿ. ಇ-ವೀಸಾ ಬಂದಿದ್ರ ಪ್ರಿಂಟ್ ತಗೊಂಡು ಹೋದ್ರ ನಡಿಯಂಗಿಲ್ಲ, ಸ್ಕ್ರೀನ್‌ಶಾಟ್ ಸೈತ ಒಪ್ಪಂಗಿಲ್ಲ. ಏರ್‌ಪೋರ್ಟಿನ್ಯಾಗ ಇಂಟರ್ನೆಟ್ ಚಾಲೂ ಇಟ್ಟು, ಜಪಾನಿನ ಇ-ವೀಸಾ ವೆಬ್‌ಸೈಟ್ ತೆಗೆದು ಫೋನಿನ್ಯಾಗ ತೋರಿಸಬೇಕು. ಅಮ್ಮಾರ ಬಿಪಿ, ಶುಗರ್ ಗುಳಿಗಿ ಒಂದು ತಿಂಗಳಿನಷ್ಟು ಒಯ್ಯಾಕ ಅಡ್ಡಿ ಇಲ್ಲ. ಡಾಕ್ಟರ ಚೀಟಿ ಜೊತಿಗಿರಲಿ. ಆದ್ರ ಸೂಡೋಎಫೆಡ್ರಿನ್ ಇರೋ ನೆಗಡಿ ಗುಳಿಗಿ ಬಿಟ್ಟು ಹೋಗ್ರಿ, ಅದರ ಅಂಶ ಶೇ. 10ಕ್ಕಿಂತ ಹೆಚ್ಚಿದ್ರ ಅಲ್ಲಿ ನಿಷೇಧ ಐತಿ. ಆಂಬುಲೆನ್ಸ್ ನಂಬರ್ 119, ಮೂರೂ ಫೋನಿನ್ಯಾಗ ಹಾಕ್ಕೊಳ್ರಿ.

ಬೆಂಗಳೂರಿನಿಂದ:

ಉಏನೋದಲ್ಲಿ ಇದ್ದರೆ ಶಿನೊಬಾಝು ಕೆರೆಯ ಮಧ್ಯದ ಬೆಂತೆನ್‌ದೋ ಗುಡಿಗೆ ಅಮ್ಮನನ್ನು ಕರೆದುಕೊಂಡು ಹೋಗಿ. ಅಲ್ಲಿನ ಬೆಂಝೈತೆನ್ ಬೌದ್ಧಧರ್ಮದ ಜೊತೆ ಚೀನಾ ದಾಟಿ ಹೋದ ನಮ್ಮ ಸರಸ್ವತಿಯೇ; ಜಪಾನಿನಲ್ಲಿ ಸಾಮಾನ್ಯವಾಗಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಹಿಡಿದಿರುತ್ತಾಳೆ. ಸಮತಟ್ಟು ದಾರಿ, ಮಂಡಿಗೆ ತೊಂದರೆ ಇಲ್ಲ. ಒಂದು ಮಧ್ಯಾಹ್ನ ಬಿಡುವಿದ್ದರೆ ಸುಗಿನಾಮಿ ವಾರ್ಡಿನ ರೆಂಕೋಜಿಗೂ ಹೋಗಿ. ನೇತಾಜಿಯವರದೆಂದು ನಂಬಲಾದ ಚಿತಾಭಸ್ಮ ಇಟ್ಟಿರುವ ದೇವಾಲಯ ಅದು, ಅಂಗಳದಲ್ಲಿ ಅವರ ಅರ್ಧಪ್ರತಿಮೆ ಇದೆ. 1957ರಲ್ಲಿ ನೆಹರೂ, ಮರುವರ್ಷ ರಾಜೇಂದ್ರ ಪ್ರಸಾದ್ ಬಂದುಹೋದ ಜಾಗ. ಪ್ರವಾಸಿಗಳ ಗದ್ದಲ ಇಲ್ಲ. ನನ್ನ ಮಟ್ಟಿಗೆ ಶಿಬುಯಾ ಕ್ರಾಸಿಂಗಿಗಿಂತ ಇದು ಹೆಚ್ಚು.

ಎತ್ತರದಿಂದ ಊರು ನೋಡಬೇಕೆಂದರೆ ಸ್ಕೈಟ್ರೀಗೇ ದುಡ್ಡು ಕೊಡಬೇಕೆಂದೇನಿಲ್ಲ. ಶಿಂಜುಕುವಿನಲ್ಲಿ ಟೋಕಿಯೋ ಆಡಳಿತದ ಕಚೇರಿ ಕಟ್ಟಡದ 45ನೇ ಮಹಡಿ, 202 ಮೀಟರ್ ಎತ್ತರ, ಉಚಿತ. ಆಕಾಶ ತಿಳಿಯಾಗಿದ್ದರೆ ಫ್ಯೂಜಿ ಪರ್ವತವೂ ಕಾಣುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಕ್ಯೋಟೋ ಕೈಬಿಟ್ಟೆವು, ಉಏನೋದಲ್ಲೇ ರೂಮು ನೋಡುತ್ತಿದ್ದೇವೆ. ಸೋಮವಾರ ನ್ಯಾಷನಲ್ ಮ್ಯೂಸಿಯಂಗೆ ಹೋಗಬಹುದಾ?

ಟೋಕಿಯೋದಿಂದ:

ಸೋಮವಾರ ರಜೆ. ಆದರೆ ನವೆಂಬರ್ 23 ಇಲ್ಲಿ ಸಾರ್ವತ್ರಿಕ ರಜಾದಿನ. ಅದು ಸೋಮವಾರವೇ ಬಂದರೆ ಅಂದು ತೆರೆದು ಮಾರನೆಯ ದಿನ ಮುಚ್ಚುತ್ತಾರೆ. ತಾರೀಕು ನೋಡಿಕೊಂಡು ಇಟ್ಟುಕೊಳ್ಳಿ.