ಸಹಾಯ ಬೇಕು: ಎರೆಮಣ್ಣಿನ ಇಸಿ (ವಿದ್ಯುತ್ ವಾಹಕತೆ, ಉಪ್ಪಿನಂಶದ ಸೂಚಕ) ಲೆಕ್ಕ
ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ಸವಳು ನಕ್ಷೆಗೆ ಮಣ್ಣು ಪರೀಕ್ಷೆ ನಡೆದಿದೆ. 0–15, 15–30, 30–60 ಸೆಂ.ಮೀ. ಆಳದ ಮಣ್ಣನ್ನು ನೆರಳಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿದು, 20 ಗ್ರಾಂಗೆ 50 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ (ಅಂದರೆ 1:2.5) ಇಸಿ ಅಳೆಯುವುದು.

ತೊಡಕು ಏನೆಂದರೆ, ಸವಳು ಎನ್ನಲು ಬಳಸುವ 4 ಡೆಸಿಸೀಮೆನ್ಸ್ ಪ್ರತಿ ಮೀಟರ್ ಮಿತಿ ಸ್ಯಾಚುರೇಶನ್ ಪೇಸ್ಟಿನಿಂದ (ಹಿಡಿಯುವಷ್ಟೇ ನೀರು ಹಾಕಿ ಕಲಸಿದ ಮಣ್ಣಿನಿಂದ) ತೆಗೆದ ದ್ರವಕ್ಕೆ ಸೇರಿದ್ದು. 1:2.5ರಲ್ಲಿ ನೀರು ಜಾಸ್ತಿ, ಅಂಕಿ ಇಳಿಯುತ್ತದೆ. ಈ ಅಂಕಿಯನ್ನು ಪೇಸ್ಟಿನ ಅಂಕಿಗೆ ಬದಲಿಸಲು ಗುಣಕ ಬೇಕು, ಆದರೆ ಮರಳು ಮಣ್ಣಿನ ಗುಣಕ ಎರೆಗೆ ಹೊಂದದು. ಜಿಪ್ಸಂ ಹಾಕಿದ ಹೊಲದಲ್ಲಂತೂ ಹೆಚ್ಚು ನೀರಿಗೆ ಅದು ಇನ್ನಷ್ಟು ಕರಗಿ ಲೆಕ್ಕವೇ ಕೆಡುತ್ತದೆ. ಎಲ್ಲ ಮಾದರಿಗೂ ಪೇಸ್ಟ್ ಮಾಡೋಣವೆಂದರೆ ಎರೆಮಣ್ಣಿನಿಂದ ದ್ರವ ಇಳಿಯುವುದು ಬಲು ನಿಧಾನ.

ರಾಯಚೂರು, ಕೊಪ್ಪಳ, ಸಿರುಗುಪ್ಪ ಭಾಗದ ಎರೆಮಣ್ಣಿಗೆ ಎರಡೂ ವಿಧಾನದ ಜೋಡಿ ಅಳತೆ ಇದ್ದವರು ದಯವಿಟ್ಟು ಹಂಚಿಕೊಳ್ಳಿ. ಜೇಡಿಯ ಶೇಕಡಾವಾರು ಇಲ್ಲದಿದ್ದರೆ ಉಪಯೋಗ ಕಡಿಮೆ.