ಪದಚರ್ಚೆ: ‘ಟೋನ್ ಮ್ಯಾಪಿಂಗ್’, ‘ಹೈಲೈಟ್ ರಿಕವರಿ’ – ತುರ್ತಾಗಿ ಬೇಕು

ಗೆಳೆಯರೇ, ನಾಳೆ ಸಂಜೆಯೊಳಗೆ ಎರಡು ಪದ ಬೇಕು. ಡಾರ್ಕ್‌ಟೇಬಲ್ ಎಂಬ ತಂತ್ರಾಂಶದಲ್ಲಿ ರಾ ಫೋಟೊ (ಕ್ಯಾಮೆರಾ ಸೆನ್ಸರ್ ಬರೆದ ಹಸಿ ಕಡತ) ತಿದ್ದುವ ಹೊಸಬರಿಗೆ ಒಂದು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಅಷ್ಟೊಂದು ಸ್ಲೈಡರ್ ನೋಡಿದರೆ ಅವರು ಗಾಬರಿಯಾಗುತ್ತಾರೆ, ಅದಕ್ಕೇ ಎರಡೇ ಇಟ್ಟುಕೊಂಡಿದ್ದೇನೆ. ಒಂದು ಟೋನ್ ಮ್ಯಾಪಿಂಗ್, ಅಂದರೆ ಸೆನ್ಸರ್ ಹಿಡಿದ ಅಷ್ಟೂ ಬೆಳಕನ್ನು ಪರದೆಯ ಇಕ್ಕಟ್ಟಿನಲ್ಲಿ ಕೂರಿಸುವುದು. ಇದಕ್ಕೆ 2022ರಲ್ಲಿ ಡಾರ್ಕ್‌ಟೇಬಲ್ 4.2ರ ಜೊತೆ ಬಂದ ‘ಸಿಗ್ಮಾಯ್ಡ್’ ಎಂಬ ಸಲಕರಣೆ ಸಾಕು, ಅದೇ ಕೆಲಸದ ಇನ್ನೊಂದು ಸಲಕರಣೆ ‘ಫಿಲ್ಮಿಕ್’ನ ಐದು ಟ್ಯಾಬ್ ಬೇಡವೇ ಬೇಡ. ಇನ್ನೊಂದು ಹೈಲೈಟ್ ರಿಕವರಿ, ಅಂದರೆ ಬೆಳಕು ಹೆಚ್ಚಾಗಿ ಬರೀ ಬಿಳಿಯಾದ ಜಾಗಗಳಲ್ಲಿ (ಅವೇ ಹೈಲೈಟ್) ಮತ್ತೆ ವಿವರ ತರುವುದು. ಯಂತ್ರಾನುವಾದ ‘ಮುಖ್ಯಾಂಶಗಳ ಚೇತರಿಕೆ’ ಎಂದಿತು, ವಾರ್ತೆಗೇ ಜ್ವರ ಬಂದು ಬಿಟ್ಟ ಹಾಗೆ. ಟೋನ್‌ಗೆ ‘ಛಾಯೆ’ ಬಳಸೋಣ ಅಂದರೆ ನೆರಳಿಗೆ ಬೇರೆಯೇ ಸ್ಲೈಡರ್ ಇದೆ, ಛಾಯೆ ಅಂದರೂ ನೆರಳೇ ಅಲ್ವಾ?

ಮರು:
ಛಾಯೆ ಬೇಡ. ಹೈಲೈಟ್‌ಗೆ ‘ಬೆಳ್ಪು’, ಹಳಗನ್ನಡದಲ್ಲೇ ಇದೆ. ಬೆಳಗು, ಬೆಳಕು, ಬೆಳ್ಳಿ, ಬೆಳ್ದಿಂಗಳು ಎಲ್ಲ ‘ಬೆಳ್’ ಬೇರಿನವು, ತಮಿಳಿನ ‘ವೆಳ್’ ಇದರ ದಾಯಾದಿ. ‘ಬೆಳ್ಪು ಮರಳಿಕೆ’ ಅನ್ನಿ, ಮುಗಿಯಿತು. ಟೋನ್‌ಗೆ ‘ಬೆಳಕು ಹೊಂದಿಸು’. ಮನೆಯಲ್ಲೇ ಇಷ್ಟಿರುವಾಗ ಸಂಸ್ಕೃತದ ಬಾಗಿಲಿಗೆ ಸಾಲಕ್ಕೆ ಹೋಗುವ ಚಟ ಯಾವಾಗ ಬಿಡುತ್ತೇವೋ.

ಮರು: ಮರು:
ಮತ್ತೆ ಶುರುವಾಯಿತು. ‘ಬೆಳಕು ಹೊಂದಿಸು’ ಅಂದರೆ ಎಕ್ಸ್‌ಪೋಷರ್, ಅಂದರೆ ಇಡೀ ಫೋಟೊದ ಬೆಳಕು ಏರಿಸಿ ಇಳಿಸುವುದು, ಎಂದುಕೊಳ್ಳುತ್ತಾರೆ. ‘ಮರಳಿಕೆ’ಯಂತೂ ತಪ್ಪು. 14 ಬಿಟ್ ರಾ ಕಡತದಲ್ಲಿ ಬೆಳಕಿಗೆ 16,384 ಮೆಟ್ಟಿಲು, ಕೊನೆಯದು ದಾಟಿದ ಬೆಳಕನ್ನು ಸೆನ್ಸರ್ ಬರೆದುಕೊಂಡೇ ಇಲ್ಲ, ಇನ್ನು ಮರಳುವುದೇನು? ಹಸಿರು ತುಂಬಿ ಚೆಲ್ಲಿ ಕೆಂಪು, ನೀಲಿ ಉಳಿದಿದ್ದರೆ ತಂತ್ರಾಂಶ ಅವನ್ನು ನೋಡಿ ಹಸಿರನ್ನು ಊಹಿಸುತ್ತದೆ. ಮೂರೂ ಚೆಲ್ಲಿದ್ದರೆ ಅಕ್ಕಪಕ್ಕದ ಬಣ್ಣ ತಂದು ತೇಪೆ ಹಾಕುತ್ತದೆ, ಅಷ್ಟೇ. ಡಾರ್ಕ್‌ಟೇಬಲ್‌ನವರೇ ಅದನ್ನು ರಿಕವರಿ ಅನ್ನದೆ ‘ರಿಕನ್‌ಸ್ಟ್ರಕ್ಷನ್’, ಅಂದರೆ ಮತ್ತೆ ಕಟ್ಟುವುದು, ಅಂದಿದ್ದಾರೆ. ಮತ್ತೆ, ಸ್ಲೈಡರ್, ಸೆನ್ಸರ್, ಟ್ಯಾಬ್ ಎಲ್ಲ ನುಂಗಿದವರಿಗೆ ಛಾಯೆ ಮಾತ್ರ ಯಾಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ? ಇಂಗ್ಲಿಷಿನ ಸಾಲಕ್ಕೆ ಬಡ್ಡಿ ಇಲ್ಲವೇನು?

ಮರು: ಮರು: ಮರು:
ಬಡ್ಡಿ ಲೆಕ್ಕ ಆಮೇಲೆ. ಮದುವೆ ಫೋಟೊ ತೆಗೆಯುವ ನನ್ನ ತಮ್ಮನಿಗೆ ಬೆಳ್ಪು ಅಂದೆ, ‘ಅದೇನು ಸೊಪ್ಪಾ?’ ಅಂದ. ಅವರ ಸ್ಟುಡಿಯೊದಲ್ಲಿ ‘ಪಂಚೆ ಬರ್ನ್ ಆಗಿದೆ, ಮಡಿಕೆ ಕಾಣಿಸು’ ಅನ್ನುತ್ತಾರಂತೆ. ಸರಿ, ‘ಬೆಳಕನ್ನು ಪರದೆಗೆ ಕೂರಿಸು’, ‘ಸುಟ್ಟ ಬಿಳಿಗೆ ತೇಪೆ’ ಎಂದು ಹಾಕುತ್ತಿದ್ದೇನೆ. ‘ತೇಪೆ’ ಯಾವ ಭಾಷೆಯದು ಎಂದು ದಯವಿಟ್ಟು ನಾಳೆ ಸಂಜೆಯ ಮೇಲೆ ಹೇಳಿ.